ಉಂಡ ಮನೆಯ ಜಂತೆ ಎಣಿಸುವ ಪತ್ತೇದಾರ: ಹ್ಯಾಮೆಟ್, ಚಾಂಡ್ಲರ್, ಹೈಮ್ಸ್ ಕಾದಂಬರಿಗಳಲ್ಲಿ ರಾಜಕೀಯ ಟೀಕೆ

ಹೊತ್ತಗೆಹುಳು

ಅಮೆರಿಕದ ಹಾರ್ಡ್‌ಬಾಯಿಲ್ಡ್ ಎಂಬ ಒರಟು ಶೈಲಿಯ ಪತ್ತೇದಾರಿ ಕಾದಂಬರಿಗಳ ಮಾತು ಬಂದರೆ ಸಾಮಾನ್ಯವಾಗಿ ಹ್ಯಾಟು, ಮಳೆಕೋಟು, ವಿಸ್ಕಿ, ಒರಟು ಮಾತು ಇಷ್ಟರಲ್ಲೇ ಚರ್ಚೆ ಮುಗಿದುಹೋಗುತ್ತದೆ. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮಲ್ಲಿ ಹಲವರಿಗೆ ಪತ್ತೇದಾರ ಎಂದರೆ ಅಪರಾಧಿಯನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿ ಊರಿಗೆ ನೆಮ್ಮದಿ ತರುವವನು. ಡ್ಯಾಶೀಲ್ ಹ್ಯಾಮೆಟ್ ಕಾದಂಬರಿಗಳಲ್ಲಿ ಆ ನೆಮ್ಮದಿಗೆ ಜಾಗವಿಲ್ಲ. ಅಪರಾಧಿಯನ್ನು ಒಪ್ಪಿಸಿಕೊಳ್ಳಬೇಕಾದ ಪೊಲೀಸರು, ಮೊಕದ್ದಮೆ ಹೂಡಬೇಕಾದ ಸರ್ಕಾರಿ ವಕೀಲರು, ಸುದ್ದಿ ಬರೆಯಬೇಕಾದ ಪತ್ರಿಕೆ ಎಲ್ಲರೂ ಅಲ್ಲಿ ಈಗಾಗಲೇ ಯಾರದೋ ಋಣದಲ್ಲಿರುತ್ತಾರೆ.

ನನ್ನ ವಾದ ಇಷ್ಟು. ಈ ಕಾದಂಬರಿಗಳ ರಾಜಕೀಯವನ್ನು ಪಾತ್ರಗಳ ಭಾಷಣದಲ್ಲಿ ಹುಡುಕಬಾರದು, ಪತ್ತೇದಾರನಿಗೆ ಹಣ ಕೊಟ್ಟವರು ಯಾರು ಎಂದು ನೋಡಬೇಕು. ಕೂಲಿ ಕೊಡುವವನು ಬಹುಪಾಲು ಊರಿನ ಶ್ರೀಮಂತ. ತನಿಖೆ ಮುಂದುವರಿದಂತೆಲ್ಲ ಅಪರಾಧದ ಬೇರು ಅದೇ ಶ್ರೀಮಂತನ ಅಂಗಳಕ್ಕೆ ಹೋಗಿ ಮುಟ್ಟುತ್ತದೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಈ ಪತ್ತೇದಾರನ ಕಸುಬೇ ಅದು.

1929ರಲ್ಲಿ ಪುಸ್ತಕವಾಗಿ ಬಂದ ಹ್ಯಾಮೆಟ್ ಅವರ 'ರೆಡ್ ಹಾರ್ವೆಸ್ಟ್' ಇದಕ್ಕೆ ಎಲ್ಲಕ್ಕಿಂತ ನಿಚ್ಚಳವಾದ ಉದಾಹರಣೆ. ಗಣಿಗಾರಿಕೆಯ ಊರು ಪರ್ಸನ್‌ವಿಲ್. ಅಲ್ಲಿಯವರ ಬಾಯಲ್ಲಿ ಅದು ಪಾಯ್ಸನ್‌ವಿಲ್. ಕಾಂಟಿನೆಂಟಲ್ ಡಿಟೆಕ್ಟಿವ್ ಏಜೆನ್ಸಿಯ ನೌಕರನೊಬ್ಬ ಅಲ್ಲಿಗೆ ಬಂದಿಳಿಯುತ್ತಾನೆ. ಕಾದಂಬರಿಯ ಉದ್ದಕ್ಕೂ ಅವನ ನಿಜವಾದ ಹೆಸರು ನಮಗೆ ತಿಳಿಯುವುದಿಲ್ಲ. ಅವನು ಮೊದಲು ಕಾಣುವ ಪೊಲೀಸನಿಗೆ ಕ್ಷೌರವಾಗಿಲ್ಲ, ಎರಡನೆಯವನ ಸಮವಸ್ತ್ರದಲ್ಲಿ ಒಂದೆರಡು ಗುಂಡಿಗಳಿಲ್ಲ, ಮೂರನೆಯವನು ಊರಿನ ಮುಖ್ಯ ವೃತ್ತದ ನಡುವೆ ನಿಂತು ಬಾಯಿಯ ಮೂಲೆಯಲ್ಲಿ ಚುಟ್ಟಾ ಕಚ್ಚಿಕೊಂಡೇ ವಾಹನಗಳಿಗೆ ದಾರಿ ತೋರಿಸುತ್ತಿದ್ದಾನೆ. ಅಲ್ಲಿಗೆ ಪೊಲೀಸರನ್ನು ಗಮನಿಸುವುದನ್ನೇ ಬಿಟ್ಟೆ ಎನ್ನುತ್ತಾನೆ ಕಥೆ ಹೇಳುವವನು. ಆಡಳಿತ ಕೆಟ್ಟಿದೆ ಎಂದು ಒಂದು ಪುಟ ಬರೆದಿದ್ದರೂ ಈ ಮೂರು ವಾಕ್ಯಗಳಷ್ಟು ಹೇಳಲು ಆಗುತ್ತಿರಲಿಲ್ಲ.

ಆ ಊರಿನ ಒಡೆಯ ಮುದುಕ ಎಲೈಹು ವಿಲ್ಸನ್. ಗಣಿ ಕಂಪನಿ ಅವನದು, ಬ್ಯಾಂಕು ಅವನದು, ಬೆಳಗಿನ ಪತ್ರಿಕೆಯೂ ಸಂಜೆಯ ಪತ್ರಿಕೆಯೂ ಅವನವೇ; ಸೆನೆಟರ್, ರಾಜ್ಯಪಾಲ, ಮೇಯರ್, ಶಾಸಕರು ಕೂಡ ಅವನ ಆಸ್ತಿಯ ಪಟ್ಟಿಯಲ್ಲೇ ಬರುತ್ತಾರೆ. 1921ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅದನ್ನು ಮುರಿಯಲು ಅವನು ಬಾಡಿಗೆ ಬಂದೂಕುಗಾರರನ್ನು ಕರೆಸಿದ. ಎಂಟು ತಿಂಗಳ ಕಾದಾಟದಲ್ಲಿ ಕಾರ್ಮಿಕ ಸಂಘಟನೆ ನುಚ್ಚುನೂರಾಯಿತು, ಆದರೆ ಬಂದ ಗೂಂಡಾಗಳು ಹಿಂತಿರುಗಲಿಲ್ಲ. ಗೆದ್ದುಕೊಟ್ಟ ಊರನ್ನೇ ಕೂಲಿಯೆಂದು ಇಟ್ಟುಕೊಂಡು ಕಳ್ಳಭಟ್ಟಿ, ಜೂಜು, ಸುಲಿಗೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು. ಈಗ ಎಲೈಹು ಹತ್ತು ಸಾವಿರ ಡಾಲರಿನ ಚೆಕ್ಕು ಬರೆದು ಊರನ್ನು ಶುದ್ಧ ಮಾಡಿಕೊಡು ಎಂದು ಕೇಳುತ್ತಾನೆ. ಕೊಳೆ ತಂದವನೇ ಈಗ ಕಸಬರಿಗೆಗೆ ದುಡ್ಡು ಕೊಡುತ್ತಿದ್ದಾನೆ. ಮರುದಿನ ಮನಸ್ಸು ಬದಲಾಯಿಸಿ ಚೆಕ್ಕನ್ನು ವಾಪಸು ಕೇಳಿದರೆ ಪತ್ತೇದಾರ ಕೊಡುವುದಿಲ್ಲ. ಅದೇ ದುಡ್ಡಿನಲ್ಲಿ ಊರನ್ನು ಗಂಟಲಿನಿಂದ ಹಿಮ್ಮಡಿಯವರೆಗೆ ಸೀಳುತ್ತೇನೆ ಎಂದು ನಿಲ್ಲುತ್ತಾನೆ.

ಓದಿದವರು ಹೇಗೆ ಕಂಡಿದ್ದೀರಿ ಎಂದು ತಿಳಿಯುವ ಕುತೂಹಲವಿದೆ.

ಗಣಿಧೂಳು

ಎಳೆ ಆರಂಭಿಸಿದ್ದಕ್ಕೆ ಧನ್ಯವಾದ. ಪರ್ಸನ್‌ವಿಲ್ ಕಲ್ಪನೆಯ ಊರಾದರೂ ಅದರ ಹಿಂದೆ ಮೊಂಟಾನಾ ರಾಜ್ಯದ ಬ್ಯೂಟ್ ಪಟ್ಟಣವಿದೆ ಎಂದು ವಿಮರ್ಶಕರು ಬಹಳ ಹಿಂದಿನಿಂದಲೂ ಗುರುತಿಸಿದ್ದಾರೆ. ಆ ಪಟ್ಟಣದ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಂಡರೆ ಕಾದಂಬರಿಯಲ್ಲಿ ಉತ್ಪ್ರೇಕ್ಷೆ ಎನ್ನಿಸುವ ಎಷ್ಟೋ ಭಾಗಗಳು ತಣ್ಣನೆಯ ವರದಿಯಂತೆ ಕಾಣತೊಡಗುತ್ತವೆ.

ಬ್ಯೂಟ್ ತಾಮ್ರದ ಊರು, ಅನಕೊಂಡ ಕಂಪನಿಯ ಊರು. 1917ರ ಜೂನ್ 8ರಂದು ಅಲ್ಲಿನ ಸ್ಪೆಕ್ಯುಲೇಟರ್ ಗಣಿಯಲ್ಲಿ ಹೊತ್ತಿದ ಬೆಂಕಿಗೆ 168 ಮಂದಿ ಬಲಿಯಾದರು. ಅದರ ಬೆನ್ನಲ್ಲೇ ಮುಷ್ಕರ ಎದ್ದಿತು. ಐಡಬ್ಲ್ಯುಡಬ್ಲ್ಯು ಎಂಬ ಕಾರ್ಮಿಕ ಸಂಘಟನೆಯ ಮುಂದಾಳು ಫ್ರ್ಯಾಂಕ್ ಲಿಟಲ್ ಕಾಲು ಮುರಿದಿದ್ದರೂ ಊರುಗೋಲು ಹಿಡಿದು ಅಲ್ಲಿಗೆ ಬಂದರು. ಆಗಸ್ಟ್ 1ರ ನಸುಕಿನಲ್ಲಿ ಮುಸುಕುಧಾರಿಗಳು ಅವರನ್ನು ತಂಗಿದ್ದ ಕೋಣೆಯಿಂದ ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. 1920ರ ಏಪ್ರಿಲ್‌ನಲ್ಲಿ ಅನಕೊಂಡ ರಸ್ತೆಯಲ್ಲಿ ಮುಷ್ಕರನಿರತರ ಮೇಲೆ ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ಎಲೈಹುವಿನ ಎರಡು ಪತ್ರಿಕೆಗಳ ಮಾತನ್ನು ನೀವು ಎತ್ತಿದ್ದೀರಿ. ಮೊಂಟಾನಾದ ಹಲವು ಪ್ರಮುಖ ದಿನಪತ್ರಿಕೆಗಳನ್ನು ಅನಕೊಂಡ ಕಂಪನಿ 1959ರವರೆಗೂ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಗಣಿಯ ಒಡೆಯನೇ ಗಣಿಯ ಅಪಘಾತದ ಸುದ್ದಿಯನ್ನೂ ಅಚ್ಚು ಹಾಕುವ ಆ ಏರ್ಪಾಡಿನಲ್ಲಿ ಹ್ಯಾಮೆಟ್ ಕಲ್ಪಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಹ್ಯಾಮೆಟ್ ಇದನ್ನೆಲ್ಲ ನೋಡಿದ್ದು ಕಾರ್ಮಿಕರ ಕಡೆಯಲ್ಲಿ ನಿಂತಲ್ಲ ಎಂಬುದು ಮುಖ್ಯ. 1915ರಿಂದ 1922ರವರೆಗೆ, ನಡುವೆ ಸೈನ್ಯದ ಸೇವೆ ಮತ್ತು ಕ್ಷಯರೋಗದ ಬಿಡುವುಗಳನ್ನು ಬಿಟ್ಟರೆ, ಅವರು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ನೌಕರರಾಗಿದ್ದರು. ಮುಷ್ಕರ ಒಡೆಯುವುದು, ಸಂಘಗಳೊಳಗೆ ಗೂಢಚಾರರನ್ನು ನುಗ್ಗಿಸುವುದು ಆ ಸಂಸ್ಥೆಯ ದೊಡ್ಡ ಆದಾಯಮೂಲವಾಗಿತ್ತು. 1892ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಮೇಲೆ ಸುಮಾರು 300 ಪಿಂಕರ್ಟನ್ ಆಳುಗಳನ್ನು ದೋಣಿಗಳಲ್ಲಿ ಕಳುಹಿಸಿ ರಕ್ತ ಹರಿಸಿದ ಮೇಲೆ, ಫೆಡರಲ್ ಸರ್ಕಾರ ಈ ಸಂಸ್ಥೆಯವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಮರುವರ್ಷ ಕಾನೂನೇ ಬಂತು. ಲಿಟಲ್ ಅವರನ್ನು ಕೊಲ್ಲಲು ತಮಗೆ 5,000 ಡಾಲರಿನ ಆಮಿಷ ಬಂದಿತ್ತೆಂದು ಹ್ಯಾಮೆಟ್ ಹೇಳಿದ್ದರೆಂದು ಅವರ ಸಂಗಾತಿ ಲಿಲಿಯನ್ ಹೆಲ್‌ಮನ್ ಬರೆದಿದ್ದಾರೆ. ಅದಕ್ಕೆ ಆಕೆಯ ಮಾತಿನ ಹೊರತು ಬೇರೆ ಆಧಾರವಿಲ್ಲದ್ದರಿಂದ ಆ ಕಥೆಯ ಮೇಲೆ ನಾನು ಭಾರ ಹಾಕುವುದಿಲ್ಲ. ಆ ಕಥೆಯಿಲ್ಲದೆಯೂ ಕಾದಂಬರಿ ತಾನಾಗಿಯೇ ಸಾಕಷ್ಟು ಹೇಳುತ್ತದೆ.

ಯಾರೂ ಹೆಚ್ಚು ಮಾತಾಡದ ಒಂದು ಸಣ್ಣ ಸಂಗತಿಯನ್ನು ನೋಡಿ. ಊರಿಗೆ ಬಂದ ಮೊದಲ ರಾತ್ರಿ ನಾಯಕನಿಗೆ ಕೆಂಪು ಟೈ ಕಟ್ಟಿದ ಬಿಲ್ ಕ್ವಿಂಟ್ ಎಂಬ ಕಾರ್ಮಿಕ ಮುಖಂಡ ಸಿಗುತ್ತಾನೆ. ನಾಯಕ ತನ್ನಲ್ಲಿರುವ ಗುರುತಿನ ಚೀಟಿಗಳ ಕಟ್ಟನ್ನು ತಡಕಿ ಒಂದು ಕೆಂಪು ಕಾರ್ಡು ತೆಗೆಯುತ್ತಾನೆ. ಹೆನ್ರಿ ನೀಲ್ ಎಂಬ ಹಡಗಿನ ಕೆಲಸಗಾರ, ಐಡಬ್ಲ್ಯುಡಬ್ಲ್ಯು ಸಂಘದ ಸದಸ್ಯ ಎಂದು ಅದರಲ್ಲಿದೆ. ಅದರಲ್ಲಿ ಒಂದು ಅಕ್ಷರವೂ ನಿಜವಲ್ಲ ಎಂದು ಅವನೇ ಓದುಗರಿಗೆ ಹೇಳುತ್ತಾನೆ. ಕ್ವಿಂಟ್ ಅದನ್ನು ಹಿಂದೆಮುಂದೆ ತಿರುಗಿಸಿ ಓದಿ, ಹಿಂದಕ್ಕೆ ಕೊಟ್ಟು, ಹ್ಯಾಟಿನಿಂದ ಬೂಟಿನವರೆಗೆ ಅವನನ್ನು ಅಪನಂಬಿಕೆಯಿಂದ ಅಳೆಯುತ್ತಾನೆ. ಕಾರ್ಮಿಕ ಸಂಘದ ನಕಲಿ ಸದಸ್ಯತ್ವ ಪಿಂಕರ್ಟನ್ ಗೂಢಚಾರನ ನಿತ್ಯದ ಸಲಕರಣೆ. ನಮಗೆ ಕಥೆ ಹೇಳುತ್ತಿರುವವನು ಬಿಲ್ ಕ್ವಿಂಟ್‌ನಂಥವರನ್ನು ಮುಗಿಸಲೆಂದೇ ಹುಟ್ಟಿದ ಯಂತ್ರದ ಒಂದು ಚಕ್ರ ಎಂಬುದನ್ನು ಹ್ಯಾಮೆಟ್ ಯಾವ ಟಿಪ್ಪಣಿಯೂ ಇಲ್ಲದೆ ಆ ಒಂದು ಕಾರ್ಡಿನಲ್ಲಿ ಇಟ್ಟುಬಿಟ್ಟಿದ್ದಾರೆ.

ಮಸಿಕುಡಿಕೆ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ; ಆದರೂ ನನಗೆ ಒಂದು ತಕರಾರಿದೆ. ಬಿಲ್ ಕ್ವಿಂಟ್ ಮುಷ್ಕರದ ಕಥೆ ಹೇಳಿದ ಮೇಲೆ ಕಾರ್ಮಿಕರು ಎಲ್ಲಿ ಹೋದರು? ಪಟ್ಟಣ ಪೂರ್ತಿ ಗಣಿಯನ್ನೇ ನಂಬಿ ಬದುಕುತ್ತಿದೆ, ಆದರೂ ಗಣಿಯೊಳಗೆ ಇಳಿಯುವ ಒಬ್ಬ ಮನುಷ್ಯನ ಮನೆಯೊಳಕ್ಕೂ ಕಾದಂಬರಿ ನಮ್ಮನ್ನು ಕರೆದೊಯ್ಯುವುದಿಲ್ಲ. ಉಳಿದದ್ದೆಲ್ಲ ಜೂಜುಕೋರರು, ಪೊಲೀಸ್ ಮುಖ್ಯಸ್ಥ, ಕಳ್ಳಸಾರಾಯಿಯ ಧಣಿಗಳು ಪರಸ್ಪರ ಕೊಂದುಕೊಳ್ಳುವ ಲೆಕ್ಕ. ಮೊದಲ ಕೊಲೆ, ಎಲೈಹುವಿನ ಮಗ ಡೊನಾಲ್ಡ್‌ನದು, ರಾಜಕೀಯ ಕೊಲೆಯಂತೆ ಕಂಡು ಕೊನೆಗೆ ಬ್ಯಾಂಕಿನ ಗುಮಾಸ್ತನೊಬ್ಬನ ಪ್ರೇಮದ ಹೊಟ್ಟೆಕಿಚ್ಚಿನಲ್ಲಿ ಮುಗಿಯುತ್ತದೆ. ಇದನ್ನು ರಾಜಕೀಯ ಟೀಕೆ ಎನ್ನಬೇಕೋ, ಎಲ್ಲರೂ ಕೆಟ್ಟವರು ಎಂಬ ಸಿನಿಕತನ ಎನ್ನಬೇಕೋ? ಎಲ್ಲರೂ ಕೆಟ್ಟವರು ಎಂದ ಕೂಡಲೇ ಯಾರನ್ನೂ ಹೊಣೆ ಮಾಡಬೇಕಾಗುವುದಿಲ್ಲ. ಅಧಿಕಾರದಲ್ಲಿರುವವರಿಗೆ ಅದಕ್ಕಿಂತ ಅನುಕೂಲವಾದ ತತ್ವ ಇನ್ನೊಂದಿಲ್ಲ.

ಹೊತ್ತಗೆಹುಳು

ಮಸಿಕುಡಿಕೆ ಅವರೇ, ಕಾರ್ಮಿಕರು ಕಾಣೆಯಾಗುವ ಮಾತು ಸರಿ. ಆದರೆ ಎಲ್ಲರೂ ಸಮನಾಗಿ ಕೆಟ್ಟವರು ಎಂದು ಕಾದಂಬರಿ ಹೇಳುತ್ತದೆ ಎಂಬುದನ್ನು ಒಪ್ಪಲಾರೆ. ಕೊನೆಯ ಲೆಕ್ಕ ನೋಡಿ. ಗೂಂಡಾಗಳಲ್ಲಿ ಹೆಚ್ಚಿನವರು ಸತ್ತ ಮೇಲೆ ನಾಯಕ ಎಲೈಹುವಿನ ಮುಂದೆ ಅವನದೇ ಪ್ರೇಮಪತ್ರಗಳನ್ನು ಹಿಡಿದು, ರಾಜ್ಯಪಾಲರಿಗೆ ಹೇಳಿ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸು ಎಂದು ಬೆದರಿಸುತ್ತಾನೆ. ಆಗ ನಿನ್ನ ಊರು ನಿನಗೆ ತಿರುಗಿ ಸಿಗುತ್ತದೆ, ಶುಭ್ರವಾಗಿ, ಇನ್ನೊಮ್ಮೆ ಹಾಳಾಗಲು ಸಿದ್ಧವಾಗಿ ಎಂಬ ಅರ್ಥದ ಮಾತನ್ನೂ ಸೇರಿಸುತ್ತಾನೆ. ಮುಷ್ಕರ ಮುರಿಯಲು ಬಾಡಿಗೆ ಬಂದೂಕುಗಾರರ ಜೊತೆ ಬಂದದ್ದೂ ನ್ಯಾಷನಲ್ ಗಾರ್ಡ್, ಈಗ ಬರುವುದೂ ಅದೇ ಪಡೆ. ಬೀದಿಯ ಗೂಂಡಾಗಳು ಹೆಣವಾದರು, ಊರಿನ ಒಡೆತನ ಒಂದು ಅಂಗುಲವೂ ಅಲುಗಲಿಲ್ಲ. ಯಾರು ಉಳಿದರು ಎಂಬುದನ್ನು ಇಷ್ಟು ನಿರ್ದಿಷ್ಟವಾಗಿ ತೋರಿಸುವ ಕಥೆಯನ್ನು ಸಿನಿಕತನ ಎಂದು ತಳ್ಳಿಹಾಕಲಾಗದು.

ನಾಯಕನನ್ನೂ ಹ್ಯಾಮೆಟ್ ಬಿಟ್ಟಿಲ್ಲ. ಒಂದು ಗುಂಪಿನ ಮೇಲೆ ಇನ್ನೊಂದನ್ನು ಎತ್ತಿಕಟ್ಟುತ್ತ, ಹದಿನಾರು ಕೊಲೆಗಳವರೆಗೆ ಬಂದಾಗ, ಕೊಲ್ಲಿಸುವುದು ತನಗೆ ಹಿತವಾಗತೊಡಗಿದೆ ಎಂದು ಅವನಿಗೇ ಭಯವಾಗುತ್ತದೆ. ಕೊನೆಯಲ್ಲಿ ಕಂಪನಿಯ ನಿಯಮಗಳನ್ನೂ ರಾಜ್ಯದ ಕಾನೂನುಗಳನ್ನೂ ಮನುಷ್ಯರ ಮೂಳೆಗಳನ್ನೂ ಎಷ್ಟು ಮುರಿದೆ ಎಂಬುದು ಕಾಣದಂತೆ ವರದಿಗಳನ್ನು ತಿದ್ದಿ ಬರೆಯಲು ಹೆಣಗುತ್ತಾನೆ. ಮೇಲಧಿಕಾರಿ ಮೋಸಹೋಗದೆ ಅವನನ್ನು ಚೆನ್ನಾಗಿ ಝಾಡಿಸುತ್ತಾನೆ. ಹಾಗೆ ಆಫೀಸಿನ ಬೈಗುಳದಲ್ಲಿ ಮುಗಿಯುವ ಕಾದಂಬರಿಯಲ್ಲಿ ವೀರನೆಂಬುವನು ಇಲ್ಲ, ಸಂಬಳದ ನೌಕರನೊಬ್ಬನಿದ್ದಾನೆ.

ಏಳನೇ ಮಹಡಿ

ನೀವು ಹಿಡಿದ ಪ್ರಶ್ನೆಯನ್ನು ರೇಮಂಡ್ ಚಾಂಡ್ಲರ್‌ಗೆ ಹಾಕಿದರೆ ಉತ್ತರ ಸ್ವಲ್ಪ ಬೇರೆ ಬರುತ್ತದೆ. ಚಾಂಡ್ಲರ್ ಮುಷ್ಕರ ಕಂಡವರಲ್ಲ, ಲೆಕ್ಕದ ಪುಸ್ತಕ ಕಂಡವರು. ಲಾಸ್ ಏಂಜಲೀಸಿನ ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಕುಡಿತ ಮತ್ತು ಗೈರುಹಾಜರಿಯ ಕಾರಣಕ್ಕೆ 1932ರಲ್ಲಿ ಕೆಲಸ ಕಳೆದುಕೊಂಡು, ನಲವತ್ತು ದಾಟಿದ ಮೇಲೆ 'ಬ್ಲ್ಯಾಕ್ ಮಾಸ್ಕ್' ಎಂಬ ಪತ್ತೇದಾರಿ ಕಥೆಗಳ ಪತ್ರಿಕೆಗೆ ಕಥೆ ಬರೆಯಲು ಕುಳಿತವರು. ಅವರ ಮೊದಲ ಕಥೆ ಬಂದದ್ದು 1933ರ ಡಿಸೆಂಬರ್‌ನಲ್ಲಿ.

1939ರ 'ದ ಬಿಗ್ ಸ್ಲೀಪ್' ಕಾದಂಬರಿಯ ಮೊದಲ ಕೆಲವು ಪುಟಗಳಲ್ಲೇ ಒಂದು ನೋಟವಿದೆ. ಜನರಲ್ ಸ್ಟರ್ನ್‌ವುಡ್‌ನ ಬಂಗಲೆ ಗುಡ್ಡದ ಮೇಲಿದೆ. ಕೆಳಗೆ ದೂರದಲ್ಲಿ ಅವರಿಗೆ ಸಿರಿ ತಂದ ಹಳೆಯ ಎಣ್ಣೆ ಬಾವಿಗಳ ಮರದ ಗೋಪುರಗಳು. ಸ್ಟರ್ನ್‌ವುಡ್ ಕುಟುಂಬ ಗುಡ್ಡ ಏರಿದ್ದರಿಂದ ಅವರಿಗೆ ಆ ಗುಂಡಿಗಳ ಹಳಸಲು ನೀರಿನ ವಾಸನೆ, ಎಣ್ಣೆಯ ವಾಸನೆ ಬರುತ್ತಿಲ್ಲ. ಆದರೂ ಮುಂದಿನ ಕಿಟಕಿಯಿಂದ ನೋಡಿದರೆ ತಮ್ಮನ್ನು ಶ್ರೀಮಂತರನ್ನಾಗಿ ಮಾಡಿದ್ದೇನೆಂದು ಕಾಣಿಸುತ್ತದೆ, ನೋಡಬೇಕೆಂದರೆ. ಅವರಿಗೆ ನೋಡುವ ಮನಸ್ಸಿರಲಾರದು ಎನ್ನುತ್ತಾನೆ ಕಥೆ ಹೇಳುವ ಖಾಸಗಿ ಪತ್ತೇದಾರ ಮಾರ್ಲೋ. ಕಥೆಯುದ್ದಕ್ಕೂ ಕಾಣೆಯಾಗಿದ್ದ, ಜನರಲ್‌ನ ಅಳಿಯ ರಸ್ಟಿ ರೀಗನ್‌ನ ಹೆಣ ಕೊನೆಗೆ ಆ ಎಣ್ಣೆ ಗುಂಡಿಯಲ್ಲೇ ಇದೆ ಎಂದು ತಿಳಿಯುತ್ತದೆ. ದಿನಕ್ಕೆ 25 ಡಾಲರ್ ಮತ್ತು ಖರ್ಚು ಪಡೆಯುವ ಮಾರ್ಲೋ ತನಗೆ ಕೂಲಿ ಕೊಟ್ಟ ಮನೆಯ ಮಗಳೇ ಕೊಂದಳೆಂದು ಕಂಡುಹಿಡಿದು, ಸಾಯುತ್ತಿರುವ ಮುದುಕನಿಗೆ ಹೇಳದೆ ಮುಚ್ಚಿಡುತ್ತಾನೆ. ಎಲೈಹುವಿನ ಚೆಕ್ಕಿಗೆ ತಿರುಗಿ ನಿಂತ ಹ್ಯಾಮೆಟ್ ನಾಯಕನಿಗೂ ಇವನಿಗೂ ಇರುವ ಅಂತರ ಇಲ್ಲಿದೆ. ಮಾರ್ಲೋ ಜಂತೆ ಎಣಿಸುತ್ತಾನೆ, ಲೆಕ್ಕ ಹೊರಗೆ ಹೇಳುವುದಿಲ್ಲ.

ಅದೇ ಕಾದಂಬರಿಯ ಪೊಲೀಸ್ ಅಧಿಕಾರಿ ಗ್ರೆಗರಿಯ ಮಾತನ್ನು ಯಾರೂ ಮರೆಯಬಾರದು. ತಾನು ಸಾಧಾರಣ ಪೊಲೀಸನೆಂದೂ, ಪ್ರಾಮಾಣಿಕತೆ ಹಳೆಯ ಫ್ಯಾಷನ್ನಾದ ಕಾಲದಲ್ಲಿ ಎಷ್ಟು ನಿರೀಕ್ಷಿಸಬಹುದೋ ಅಷ್ಟು ಪ್ರಾಮಾಣಿಕನೆಂದೂ ಹೇಳಿಕೊಳ್ಳುವ ಆತನಿಗೆ, ಜೂಜುಕಟ್ಟೆಯ ಒಡೆಯ ಎಡ್ಡಿ ಮಾರ್ಸ್‌ನಂಥವರು ಕೊಳೆಗೇರಿಯ ಬಡಹುಡುಗರ ಪಕ್ಕದಲ್ಲಿ ಫೋಲ್ಸಂ ಜೈಲಿನ ಕಲ್ಲು ಒಡೆಯುವುದನ್ನು ನೋಡುವ ಆಸೆ. ಅದು ಆಗುವುದಿಲ್ಲ, ನಮ್ಮ ದೇಶವನ್ನು ನಾವು ಹಾಗೆ ನಡೆಸುವುದಿಲ್ಲ ಎಂದು ತಾನೇ ಮುಗಿಸುತ್ತಾನೆ. ಗಮನಿಸಿ, ಇದು ಕ್ರಾಂತಿಕಾರಿಯ ಮಾತಲ್ಲ. ಪಿಂಚಣಿಗೆ ಕಾಯುತ್ತಿರುವವನ ಮಾತು. ಅದಕ್ಕೇ ಅದರಲ್ಲಿ ಬಿಸಿ ಇದೆ.

ಇದೆಲ್ಲ ಲೇಖಕರ ಕಹಿ ಕಲ್ಪನೆ ಎನ್ನುವವರು ಆ ಕಾಲದ ಲಾಸ್ ಏಂಜಲೀಸನ್ನು ಒಮ್ಮೆ ನೋಡಬೇಕು. ಕ್ಲಿಫರ್ಡ್ ಕ್ಲಿಂಟನ್ ಎಂಬ ಹೋಟೆಲ್ ಮಾಲೀಕರು ಮೇಯರ್ ಫ್ರ್ಯಾಂಕ್ ಶಾ ಆಡಳಿತದ ಭ್ರಷ್ಟಾಚಾರವನ್ನು ಬಯಲಿಗೆಳೆಯಲು ಹೊರಟಾಗ 1937ರ ಅಕ್ಟೋಬರ್‌ನಲ್ಲಿ ಅವರ ಮನೆಗೆ ಬಾಂಬು ಬಿತ್ತು. ಅವರ ಪರವಾಗಿ ತನಿಖೆ ಮಾಡುತ್ತಿದ್ದ ಮಾಜಿ ಪೊಲೀಸ್, ಖಾಸಗಿ ಪತ್ತೇದಾರ ಹ್ಯಾರಿ ರೇಮಂಡ್ 1938ರ ಜನವರಿ 14ರಂದು ತಮ್ಮ ಕಾರನ್ನು ಚಾಲೂ ಮಾಡಿದ ಕೂಡಲೇ ಅದು ಸ್ಫೋಟಿಸಿತು. ಮೈತುಂಬ ಚೂರುಗಳು ಹೊಕ್ಕರೂ ಅವರು ಬದುಕಿದರು. ಬಾಂಬಿಟ್ಟ ಆರೋಪ ಸಾಬೀತಾದದ್ದು ಯಾರ ಮೇಲೆ ಗೊತ್ತೇ? ನಗರ ಪೊಲೀಸ್ ಇಲಾಖೆಯ ಗುಪ್ತಚರ ದಳದ ಮುಖ್ಯಸ್ಥ ಕ್ಯಾಪ್ಟನ್ ಅರ್ಲ್ ಕೈನೆಟ್ ಮೇಲೆ. ಅದೇ ಸೆಪ್ಟೆಂಬರ್‌ನಲ್ಲಿ ಮತದಾರರು ಮೇಯರನ್ನು ಅವಧಿಯ ನಡುವೆಯೇ ಹಿಂದಕ್ಕೆ ಕರೆಸಿಕೊಂಡರು. 'ದ ಬಿಗ್ ಸ್ಲೀಪ್' ಹೊರಬಂದದ್ದು ಅದಾದ ಕೆಲವೇ ತಿಂಗಳಿಗೆ. ಖಾಸಗಿ ಪತ್ತೇದಾರನ ಕಾರಿಗೆ ಪೊಲೀಸ್ ಅಧಿಕಾರಿಯೇ ಬಾಂಬಿಡುವ ಊರಿನಲ್ಲಿ ಮಾರ್ಲೋನಿಗೆ ತಲೆಯ ಮೇಲೆ ಪೆಟ್ಟು ಬೀಳುವುದು ಅತಿಯಾಯಿತು ಎಂದು ದೂರುವುದು ಕಷ್ಟ.

ನೆಲಮಾಳಿಗೆ

ಚಾಂಡ್ಲರ್ ಬಗ್ಗೆ ಇಷ್ಟು ಉದಾರವಾಗಿರಲು ನನಗೆ ಸಾಧ್ಯವಿಲ್ಲ. ಏಳನೇ ಮಹಡಿಯವರು ಹೇಳಿದ ಎಣ್ಣೆ ಗುಂಡಿಯ ಕಥೆಯನ್ನೇ ತೆಗೆದುಕೊಳ್ಳಿ. ದುಡ್ಡಿನ ಮೂಲ ಕೊಳಕು ಎಂದು ಆರಂಭವಾದ ಕಥೆ ಕಡೆಗೆ ಬಂದು ನಿಲ್ಲುವುದು ಕಾರ್ಮೆನ್ ಎಂಬ ಬುದ್ಧಿ ಸ್ಥಿಮಿತವಿಲ್ಲದ ಹುಡುಗಿಯ ಮೇಲೆ. ತನ್ನನ್ನು ನಿರಾಕರಿಸಿದ ಗಂಡಸನ್ನು ಆಕೆ ಕೊಂದಳಂತೆ. 'ಫೇರ್‌ವೆಲ್, ಮೈ ಲವ್ಲಿ' ಕಾದಂಬರಿಯಲ್ಲೂ ಪೊಲೀಸರು, ಜೂಜಿನ ಹಡಗುಗಳು, ನಕಲಿ ವೈದ್ಯರು ಎಲ್ಲರನ್ನೂ ಸುತ್ತಿ ಬಂದ ಮೇಲೆ ಅಪರಾಧಿ ಒಬ್ಬ ಹೆಂಗಸು. ಹ್ಯಾಮೆಟ್ ಅವರ 'ಮಾಲ್ಟೀಸ್ ಫಾಲ್ಕನ್'ನಲ್ಲೂ ಅದೇ. ವ್ಯವಸ್ಥೆಯ ಮೇಲೆ ಹೊರಟ ಸಿಟ್ಟು ದಾರಿಯಲ್ಲಿ ತಿರುಗಿ ಒಬ್ಬ ಸುಂದರಿಯ ಮೇಲೆ ಬೀಳುವುದು ಈ ಪ್ರಕಾರದಲ್ಲಿ ಎಷ್ಟು ಸಲ ಆಗುತ್ತದೆಂದರೆ ಅದನ್ನು ಕಾಕತಾಳೀಯ ಎನ್ನಲಾಗದು. ಮಸಿಕುಡಿಕೆ ಅವರ ತಕರಾರಿಗೆ ಇದು ಇನ್ನೂ ಗಟ್ಟಿಯಾದ ಆಧಾರ.

ಇನ್ನು ಕಪ್ಪು ಜನರ ವಿಷಯ. 'ಫೇರ್‌ವೆಲ್, ಮೈ ಲವ್ಲಿ' 1940ರದು. ಆರಂಭದಲ್ಲಿ ಸೆಂಟ್ರಲ್ ಅವೆನ್ಯೂದ ಕಪ್ಪು ಜನರ ಬಾರೊಂದರ ವ್ಯವಸ್ಥಾಪಕನನ್ನು ಮೂಸ್ ಮಲಾಯ್ ಎಂಬ ಬಿಳಿಯ ದೈತ್ಯ ಕೊಲ್ಲುತ್ತಾನೆ. ತನಿಖೆ ನಲ್ಟಿ ಎಂಬ ಸೋಮಾರಿಯ ಪಾಲಿಗೆ ಬೀಳುತ್ತದೆ. ಇಂಥ ಕೊಲೆಗೆ ಫೋಟೋ ಇಲ್ಲ, ಜಾಗವಿಲ್ಲ, ಪತ್ರಿಕೆಯ ಜಾಹೀರಾತು ಪುಟದಲ್ಲಿ ನಾಲ್ಕು ಸಾಲೂ ಇಲ್ಲ ಎಂದು ಅವನು ಗೊಣಗುತ್ತಾನೆ. ಇದು ಟೀಕೆಯೇ, ಒಪ್ಪುತ್ತೇನೆ. ಆದರೆ ಆಮೇಲೆ ಏನಾಯಿತು? ಸತ್ತ ಮನುಷ್ಯನನ್ನು ನಲ್ಟಿ ಮರೆತಂತೆಯೇ ಕಾದಂಬರಿಯೂ ಮರೆಯುತ್ತದೆ. ಮಾರ್ಲೋನ ಬಾಯಲ್ಲೂ ನಲ್ಟಿಯ ಬಾಯಲ್ಲೂ ಬರುವ ಜನಾಂಗೀಯ ಬೈಗುಳ ಒಂದೇ.

ಈ ಪ್ರಕಾರದ ಹುಟ್ಟಿನಲ್ಲೇ ಈ ಇಬ್ಬಂದಿತನವಿದೆ. 1923ರ ಜೂನ್ 1ರ 'ಬ್ಲ್ಯಾಕ್ ಮಾಸ್ಕ್' ಸಂಚಿಕೆ ಬಿಳಿಯರ ಜನಾಂಗದ್ವೇಷಿ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ಗೆ ಮೀಸಲಾದ ವಿಶೇಷ ಸಂಚಿಕೆ. ಕ್ಲಾನಿನ ಪರ ಮತ್ತು ವಿರೋಧ ಎರಡೂ ಬಗೆಯ ಅಭಿಪ್ರಾಯಗಳಿಗೆ ಪತ್ರಿಕೆ ಜಾಗ ಕೊಟ್ಟಿತು. ಅದೇ ಸಂಚಿಕೆಯಲ್ಲಿ ಕ್ಯಾರಲ್ ಜಾನ್ ಡೇಲಿ ಸೃಷ್ಟಿಸಿದ ಪತ್ತೇದಾರ ರೇಸ್ ವಿಲಿಯಮ್ಸ್ ಮೊದಲ ಬಾರಿಗೆ ಕಾಣಿಸಿಕೊಂಡು ಕ್ಲಾನಿನವರ ಮೇಲೆ ಗುಂಡು ಹಾರಿಸುತ್ತಾನೆ. ಹಾರ್ಡ್‌ಬಾಯಿಲ್ಡ್ ನಾಯಕನ ಆರಂಭಿಕ ಶತ್ರು ಕ್ಲಾನ್ ಆಗಿದ್ದ ಎಂಬುದು ಹೆಮ್ಮೆಯ ವಿಷಯ, ಆದರೆ ಪುಟ ತಿರುಗಿಸಿದರೆ ಕ್ಲಾನಿನ ಸಮರ್ಥಕರಿಗೂ ಅಲ್ಲಿ ಆಸನವಿತ್ತು.

ತಾಳೆಗರಿ

ನೆಲಮಾಳಿಗೆಯವರು ಎತ್ತಿದ ಪ್ರಶ್ನೆಗೆ ಉತ್ತರ ಬಂದದ್ದು ಅದೇ ಪ್ರಕಾರದ ಒಳಗಿನಿಂದ, ಚೆಸ್ಟರ್ ಹೈಮ್ಸ್ ಅವರಿಂದ. ದರೋಡೆ ಪ್ರಕರಣದಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಓಹಾಯೋ ಜೈಲು ಸೇರಿ, 1936ರಲ್ಲಿ ಹೊರಬಂದು, 1953ರಲ್ಲಿ ಅಮೆರಿಕ ಬಿಟ್ಟು ಫ್ರಾನ್ಸಿಗೆ ಹೋದ ಕಪ್ಪು ಲೇಖಕ ಅವರು. ಪ್ಯಾರಿಸ್ಸಿನ 'ಸೆರಿ ನುವಾರ್' ಮಾಲಿಕೆಯ ಸಂಪಾದಕ ಮಾರ್ಸೆಲ್ ದುಹಾಮೆಲ್ ಕೇಳಿಕೊಂಡಿದ್ದರಿಂದ ಪತ್ತೇದಾರಿ ಬರೆಯಲು ಕುಳಿತರು. 1958ರಲ್ಲಿ ಫ್ರೆಂಚ್ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ಅವರಿಗೆ ಸಿಕ್ಕಿತು. ಹಾರ್ಲೆಮ್‌ನ (ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ) ಕಥೆಗೆ ಮೊದಲ ಮನ್ನಣೆ ಪ್ಯಾರಿಸ್ಸಿನಲ್ಲಿ ಸಿಗಬೇಕಾಯಿತು ಎಂಬುದೇ ಒಂದು ವ್ಯಾಖ್ಯಾನ.

ಅವರ ಪತ್ತೇದಾರರಾದ ಕಾಫಿನ್ ಎಡ್ ಮತ್ತು ಗ್ರೇವ್ ಡಿಗ್ಗರ್ ಖಾಸಗಿಯವರಲ್ಲ, ನ್ಯೂಯಾರ್ಕ್ ಪೊಲೀಸ್ ಇಲಾಖೆಯವರು. ಸಂಬಳ ಬಿಳಿಯರ ಸರ್ಕಾರದ್ದು, ಬೂಟಿನ ಕೆಳಗೆ ಸಿಗುವುದು ತಮ್ಮದೇ ಜನ. ಮೂಲ ಪ್ರಶ್ನೆಯಾದ 'ಹಣ ಯಾರದು' ಎಂಬುದನ್ನು ಇಷ್ಟು ನೋವಿನ ಜಾಗಕ್ಕೆ ಹ್ಯಾಮೆಟ್ ಒಯ್ದಿರಲಿಲ್ಲ. 1965ರ 'ಕಾಟನ್ ಕಮ್ಸ್ ಟು ಹಾರ್ಲೆಮ್' ನೋಡಿ. ಆಫ್ರಿಕಕ್ಕೆ ಹಿಂತಿರುಗಿ ಕರೆದೊಯ್ಯುತ್ತೇನೆಂದು ನಂಬಿಸಿ ಒಬ್ಬ ಕಪಟ ಪಾದ್ರಿ 87 ಬಡ ಕುಟುಂಬಗಳಿಂದ ತಲಾ 1,000 ಡಾಲರ್ ಎತ್ತುತ್ತಾನೆ. ಆ 87,000 ಡಾಲರ್ ಕಳುವಾಗಿ ಹತ್ತಿಯ ಮೂಟೆಯೊಂದರಲ್ಲಿ ಸೇರುತ್ತದೆ. ದಕ್ಷಿಣದಿಂದ ಬಂದ ಕರ್ನಲ್ ಕ್ಯಾಲ್‌ಹೂನ್ ಎಂಬ ಬಿಳಿಯ ಅದೇ ಹಾರ್ಲೆಮ್‌ನಲ್ಲಿ ಕಚೇರಿ ತೆರೆದು, ಹತ್ತಿ ಬಿಡಿಸಲು ದಕ್ಷಿಣಕ್ಕೆ ವಾಪಸು ಬನ್ನಿ ಎಂದು ಜನರನ್ನು ಕರೆಯುತ್ತಾನೆ. ಕೊನೆಗೆ ಪತ್ತೇದಾರರು ಕರ್ನಲ್‌ನನ್ನು ಕೊಲೆಗಡುಕನೆಂದು ತಿಳಿದೂ, ಅವನ ಕೈಯಿಂದ 87,000 ಡಾಲರ್ ಕಕ್ಕಿಸಿ, ಕುಟುಂಬಗಳಿಗೆ ಹಿಂತಿರುಗಿಸಲೆಂದು ಅವನನ್ನು ಓಡಿಹೋಗಲು ಬಿಡುತ್ತಾರೆ. ಕಪ್ಪು ಮನುಷ್ಯನನ್ನು ಕೊಂದವನನ್ನು ಅಲಬಾಮಾ ರಾಜ್ಯ ಹೇಗೂ ಒಪ್ಪಿಸುವುದಿಲ್ಲ. ನ್ಯಾಯ ಸಿಗುವುದಿಲ್ಲವೆಂದು ಖಚಿತವಾದ ಮೇಲೆ ಕನಿಷ್ಠ ದುಡ್ಡನ್ನಾದರೂ ವಸೂಲು ಮಾಡೋಣ ಎಂಬ ಈ ವ್ಯವಹಾರ ನಗೆ ತರಿಸುತ್ತದೆ, ನಗು ಗಂಟಲಲ್ಲೇ ಉಳಿಯುತ್ತದೆ. ಕಳುವಾದ ಮೂಲ ಹಣವೋ? ಅದು ಗುಜರಿ ಆಯುವ ಒಬ್ಬ ಮುದುಕನಿಗೆ ಸಿಕ್ಕಿ, ಅವನು ನಿಜವಾಗಿಯೂ ಆಫ್ರಿಕಕ್ಕೆ ಹೋಗಿ ನೆಲೆಸಿಬಿಟ್ಟಿರುತ್ತಾನೆ.

1969ರ 'ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ತೋಲ್' ಹೊತ್ತಿಗೆ ಹೈಮ್ಸ್ ಪತ್ತೆಯೆಂಬುದನ್ನೇ ಕೈಬಿಡುತ್ತಾರೆ. ದಂಗೆಗೆ ಕುಮ್ಮಕ್ಕು ಕೊಟ್ಟವನು ಯಾರು ಎಂದು ಮೇಲಧಿಕಾರಿ ಕೇಳಿದರೆ ಗ್ರೇವ್ ಡಿಗ್ಗರ್ ಲಿಂಕನ್ ಎಂದು ಉತ್ತರಿಸುತ್ತಾನೆ. ಅನ್ನಕ್ಕೆ ದಾರಿ ಮಾಡದೆ ನಮ್ಮನ್ನು ಬಿಡುಗಡೆ ಮಾಡಬಾರದಿತ್ತು ಎಂಬುದು ಅವರಿಬ್ಬರ ವಾದ. ಕೊಲೆಗಳು ಬಗೆಹರಿಯುವುದೇ ಇಲ್ಲ.

ಸಂತೆಬೀದಿ

ಎಲ್ಲರೂ ಎಡಕ್ಕೆ ವಾಲಿದವರನ್ನೇ ಹೆಸರಿಸುತ್ತಿದ್ದೀರಿ. ಮಿಕ್ಕಿ ಸ್ಪಿಲೇನ್ ಕೂಡ ಈ ಪಂಕ್ತಿಯಲ್ಲೇ ಕುಳಿತವರು, ಮಾರಾಟದಲ್ಲಿ ಉಳಿದವರನ್ನು ಬಹಳ ಹಿಂದೆ ಹಾಕಿದವರು. 1951ರ 'ಒನ್ ಲೋನ್ಲಿ ನೈಟ್'ನಲ್ಲಿ ಅವರ ಪತ್ತೇದಾರ ಮೈಕ್ ಹ್ಯಾಮರ್ ಕಮ್ಯುನಿಸ್ಟರನ್ನು ಮೆಷಿನ್‌ಗನ್ನಿನಿಂದ ಸಾಲಾಗಿ ಕೊಂದು ತೃಪ್ತಿಪಡುತ್ತಾನೆ. ಕೋರ್ಟುಗಳನ್ನು ನಂಬದ ಒಂಟಿ ಗಂಡಸು ಎಂಬ ಅಚ್ಚು ಒಂದೇ. ಅದರಲ್ಲಿ ಯಾರ ರಾಜಕೀಯವನ್ನಾದರೂ ಎರಕ ಹೊಯ್ಯಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಹೊತ್ತಗೆಹುಳು

ಸಂತೆಬೀದಿಯವರ ಮಾತಿನಿಂದ ನನ್ನ ವಾದ ಇನ್ನೂ ಸ್ಪಷ್ಟವಾಗುತ್ತದೆ. ಮೈಕ್ ಹ್ಯಾಮರ್‌ಗೆ ಹಣ ಕೊಡುವವರು ಯಾರು? ಬಹುತೇಕ ಯಾರೂ ಇಲ್ಲ; 1947ರ 'ಐ, ದ ಜ್ಯೂರಿ'ಯಿಂದಲೂ ಅವನನ್ನು ನಡೆಸುವುದು ಸೇಡು, ಕಕ್ಷಿದಾರನಲ್ಲ. ಹಣದ ಪ್ರಶ್ನೆ ಕಥೆಯಿಂದ ಹೊರಬಿದ್ದ ಕೂಡಲೇ ಶ್ರೀಮಂತನ ಅಂಗಳಕ್ಕೆ ಹೋಗುವ ದಾರಿಯೂ ಮುಚ್ಚಿಹೋಗಿ, ಶತ್ರು ಹೊರಗಿನಿಂದ ಬಂದವನಾಗುತ್ತಾನೆ. ಸ್ಪಿಲೇನ್ ಒಳ್ಳೆಯ ಕಥೆಗಾರರಲ್ಲ ಎನ್ನುತ್ತಿಲ್ಲ, ಆದರೆ ಹ್ಯಾಮೆಟ್‌ನಿಂದ ಬಂದ ದಾರಿ ಅಲ್ಲಿ ತುಂಡಾಗುತ್ತದೆ.

ಹೆಂಗಸರ ಕುರಿತು ನೆಲಮಾಳಿಗೆಯವರು ಹೇಳಿದ್ದಕ್ಕೆ ನನ್ನಲ್ಲಿ ತಕ್ಕ ಉತ್ತರವಿಲ್ಲ. ಅದು ಈ ಕಾದಂಬರಿಗಳು ತಮ್ಮದೇ ವಾದಕ್ಕೆ ಕೊಟ್ಟುಕೊಂಡ ರಿಯಾಯಿತಿ.

ಗಣಿಧೂಳು

ಸ್ಪಿಲೇನ್ ಹೆಸರು ಬಂದಿದ್ದರಿಂದ ಅದೇ ವರ್ಷದ ಇನ್ನೊಂದು ಘಟನೆ. 1951ರಲ್ಲಿ ಹ್ಯಾಮರ್ ಕಮ್ಯುನಿಸ್ಟರನ್ನು ಕೊಲ್ಲುತ್ತಿದ್ದಾಗ ಹ್ಯಾಮೆಟ್ ಜೈಲಿಗೆ ಹೋದರು. ಸಿವಿಲ್ ರೈಟ್ಸ್ ಕಾಂಗ್ರೆಸ್ ಎಂಬ ಸಂಘಟನೆಯ ಜಾಮೀನು ನಿಧಿಗೆ ಅವರು ಟ್ರಸ್ಟಿಯಾಗಿದ್ದರು. ನಿಧಿಗೆ ಹಣ ಕೊಟ್ಟವರ ಹೆಸರು ಹೇಳಿ ಎಂದು ನ್ಯಾಯಾಲಯ ಕೇಳಿದಾಗ ಹೇಳಲಿಲ್ಲ. ನ್ಯಾಯಾಂಗ ನಿಂದನೆಗೆ ಆರು ತಿಂಗಳ ಶಿಕ್ಷೆಯಾಗಿ ಸುಮಾರು ಐದು ತಿಂಗಳು ಅನುಭವಿಸಿದರು. ಹಣ ಕೊಟ್ಟವರು ಯಾರು ಎಂದು ಒಂದು ಕಾಲಕ್ಕೆ ಸಂಬಳಕ್ಕಾಗಿ ಪತ್ತೆ ಹಚ್ಚುತ್ತಿದ್ದವರು ಅದೇ ಪ್ರಶ್ನೆಗೆ ಬಾಯಿ ಬಿಡದೆ ಕಂಬಿ ಎಣಿಸಿದರು.

1953ರ ಮಾರ್ಚ್‌ನಲ್ಲಿ ಕಮ್ಯುನಿಸ್ಟರ ಬೇಟೆಗೆ ಹೊರಟಿದ್ದ ಸೆನೆಟರ್ ಮೆಕಾರ್ಥಿ ಅವರ ಸಮಿತಿ ಹ್ಯಾಮೆಟ್ ಅವರನ್ನು ಕರೆಸಿತು. ವಿದೇಶಗಳಲ್ಲಿದ್ದ ಸರ್ಕಾರಿ ಗ್ರಂಥಾಲಯಗಳಲ್ಲಿ ಅವರ ಪುಸ್ತಕಗಳಿದ್ದವು. ಕಮ್ಯುನಿಸಂ ವಿರುದ್ಧ ಹೋರಾಡುವ ಕಾರ್ಯಕ್ರಮಕ್ಕೆ ದುಡ್ಡು ಸುರಿಯುತ್ತಿರುವವರು ನೀವಾಗಿದ್ದರೆ ಕಮ್ಯುನಿಸ್ಟ್ ಲೇಖಕರ ಪುಸ್ತಕ ಕೊಳ್ಳುತ್ತಿದ್ದಿರಾ ಎಂದು ಮೆಕಾರ್ಥಿ ಕೇಳಿದರು. ನಾನು ಕಮ್ಯುನಿಸಂ ವಿರುದ್ಧ ಹೋರಾಡುತ್ತಿದ್ದರೆ ಜನರಿಗೆ ಪುಸ್ತಕವನ್ನೇ ಕೊಡುತ್ತಿರಲಿಲ್ಲ ಎಂಬರ್ಥದ ಉತ್ತರ ಹ್ಯಾಮೆಟ್ ಅವರದು. ಅವರ ಕಾದಂಬರಿಗಳ ಯಾವ ಸಂಭಾಷಣೆಗೂ ಇದು ಕಡಿಮೆಯಲ್ಲ.

ಏಳನೇ ಮಹಡಿ

ಅದೇ 1953ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಪ್ರಕಟವಾದ ಚಾಂಡ್ಲರ್‌ರ 'ದ ಲಾಂಗ್ ಗುಡ್‌ಬೈ'ಯನ್ನು ಈ ವಿಚಾರಣೆಯ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿನ ಪತ್ರಿಕೋದ್ಯಮಿ ಹಾರ್ಲನ್ ಪಾಟರ್ ತನ್ನ ಮಗಳ ಕೊಲೆಯನ್ನೇ ಸುದ್ದಿಯಾಗದಂತೆ ಮುಚ್ಚಿಸಬಲ್ಲ. ಅವನ ಬಗ್ಗೆ ಮಾತಾಡುತ್ತ ಬರ್ನಿ ಓಲ್ಸ್ ಎಂಬ ಪೊಲೀಸ್ ಅಧಿಕಾರಿ, ಹತ್ತು ಕೋಟಿ ಡಾಲರನ್ನು ಶುದ್ಧವಾಗಿ ಗಳಿಸುವ ದಾರಿಯೇ ಇಲ್ಲ ಎನ್ನುತ್ತಾನೆ. ಎಲ್ಲೋ ಯಾರೋ ಸಣ್ಣ ವ್ಯಾಪಾರಿಗಳು ನೆಲಕಚ್ಚಿರುತ್ತಾರೆ, ಕೆಲಸ ಕಳೆದುಕೊಂಡಿರುತ್ತಾರೆ. ಕೆಂಪು ಪಕ್ಷದವರಂತೆ ಮಾತಾಡುತ್ತಿದ್ದೀಯಲ್ಲ ಎಂದು ಮಾರ್ಲೋ ಕೆಣಕಿದರೆ, ಗೊತ್ತಿಲ್ಲ, ನನ್ನನ್ನಿನ್ನೂ ಯಾರೂ ತನಿಖೆ ಮಾಡಿಲ್ಲ ಎಂದು ಓಲ್ಸ್ ತಿರುಗೇಟು ಕೊಡುತ್ತಾನೆ. ಚಾಂಡ್ಲರ್ ಯಾವ ಪಕ್ಷಕ್ಕೂ ಸೇರಿದವರಲ್ಲ. ಆ ಭಯದ ವರ್ಷಗಳಲ್ಲಿ ಈ ಮಾತನ್ನು ಪೊಲೀಸನೊಬ್ಬನ ಬಾಯಲ್ಲಿ ಹೇಳಿಸಿದ್ದು ಜಾಣತನವೂ ಹೌದು, ಧೈರ್ಯವೂ ಹೌದು.

ಎಣ್ಣೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1969ರ ಜನವರಿಯಲ್ಲಿ ಸಾಂಟಾ ಬಾರ್ಬರಾ ಕಡಲಿನಲ್ಲಿ ಯೂನಿಯನ್ ಆಯಿಲ್ ಕಂಪನಿಯ ಬಾವಿ ಒಡೆದು ತೀರವೆಲ್ಲ ಕಪ್ಪಾದಾಗ ಪ್ರತಿಭಟಿಸಿದವರಲ್ಲಿ ಅದೇ ಊರಿನ ಪತ್ತೇದಾರಿ ಕಾದಂಬರಿಕಾರ ರಾಸ್ ಮ್ಯಾಕ್‌ಡೊನಾಲ್ಡ್ ಇದ್ದರು. 1973ರ ಅವರ 'ಸ್ಲೀಪಿಂಗ್ ಬ್ಯೂಟಿ' ಎಣ್ಣೆ ಮೆತ್ತಿದ ಕಡಲಿನ ನೋಟದಿಂದಲೇ ತೆರೆದುಕೊಳ್ಳುತ್ತದೆ. ಸೋರಿಕೆಗೆ ಕಾರಣವಾದ ಮನೆತನದ ಹಳೆಯ ಅಪರಾಧಗಳು ಅದರ ಜೊತೆಗೇ ತೇಲಿಬರುತ್ತವೆ.

ಮಸಿಕುಡಿಕೆ

ಎಲೈಹುವಿನ ಕುರಿತ ಹೊತ್ತಗೆಹುಳು ಅವರ ಉತ್ತರವನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಅವರ ಸೂತ್ರಕ್ಕೆ ಹೊಂದದ ಒಂದು ಪುಸ್ತಕವಿದೆ, ಹ್ಯಾಮೆಟ್ ಅವರದೇ 'ದ ಗ್ಲಾಸ್ ಕೀ', 1931ರದು. ಅಲ್ಲಿ ಕಕ್ಷಿದಾರನಿಲ್ಲ, ಶುಲ್ಕವಿಲ್ಲ, ಏಜೆನ್ಸಿಯೂ ಇಲ್ಲ. ನೆಡ್ ಬೋಮಾಂಟ್ ಪತ್ತೇದಾರನೇ ಅಲ್ಲ. ಊರಿನ ರಾಜಕೀಯ ಪುಢಾರಿ ಪಾಲ್ ಮ್ಯಾಡ್ವಿಗ್‌ನ ಆಪ್ತ. ಚುನಾವಣೆಗೆ ಮುಂಚೆ ಸೆನೆಟರ್ ಹೆನ್ರಿಯ ಮಗ ಬೀದಿಯಲ್ಲಿ ಹೆಣವಾಗಿ ಸಿಗುತ್ತಾನೆ, ಸಂಶಯ ಮ್ಯಾಡ್ವಿಗ್ ಮೇಲೆ ಬರುತ್ತದೆ. ಬೋಮಾಂಟ್ ಹುಡುಕುವುದು ಗೆಳೆಯನನ್ನು ಉಳಿಸಲು, ಅಂದರೆ ಒಂದು ಭ್ರಷ್ಟ ಪಕ್ಷಯಂತ್ರವನ್ನು ಉಳಿಸಲು. ಮಗನನ್ನು ಕೊಂದವನು ಸೆನೆಟರನೇ. ಅವನ ಅಂತಸ್ತು, ಮನೆತನ, ಬಿಳಿ ಕೂದಲಿನ ಗಾಂಭೀರ್ಯ ಇವೆಲ್ಲ ಮ್ಯಾಡ್ವಿಗ್‌ನಂಥ ಕೆಳಗಿನಿಂದ ಬಂದವನನ್ನು ಮರುಳು ಮಾಡಿದ್ದವು. ಇಲ್ಲಿ ಕೂಲಿಯ ಪ್ರಶ್ನೆಯೇ ಇಲ್ಲದೆ ಹ್ಯಾಮೆಟ್ ಅಧಿಕಾರದ ಒಳಮನೆಯನ್ನು ತೋರಿಸಿದ್ದಾರೆ. ನನ್ನ ಮಟ್ಟಿಗೆ 'ರೆಡ್ ಹಾರ್ವೆಸ್ಟ್'ಗಿಂತ ಇದು ದೊಡ್ಡ ರಾಜಕೀಯ ಕಾದಂಬರಿ, ಏಕೆಂದರೆ ಇಲ್ಲಿ ಯಾರೂ ಹೊರಗಿನಿಂದ ಬಂದು ಊರನ್ನು ನೋಡುತ್ತಿಲ್ಲ; ಕಥೆಯನ್ನು ನಡೆಸುವವನೇ ಆ ಯಂತ್ರದಿಂದ ಉಂಡವನು.

ಹೊತ್ತಗೆಹುಳು

'ದ ಗ್ಲಾಸ್ ಕೀ' ನನ್ನ ಸೂತ್ರವನ್ನು ಮುರಿಯುತ್ತದೆ ಎನ್ನುವುದಕ್ಕಿಂತ ಅದರ ಇನ್ನೊಂದು ತುದಿಯನ್ನು ತೋರಿಸುತ್ತದೆ ಎನ್ನಬಹುದು. ಬೋಮಾಂಟ್‌ಗೂ ಋಣವಿದೆ, ಅದು ಚೆಕ್ಕಿನದಲ್ಲ, ಗೆಳೆತನದ್ದು. ಅದನ್ನು ಹಿಂತಿರುಗಿಸುವುದು ಹತ್ತು ಸಾವಿರ ಡಾಲರನ್ನು ಹಿಂತಿರುಗಿಸುವುದಕ್ಕಿಂತ ಕಷ್ಟ. ಅವನು ಸತ್ಯವನ್ನು ಹೊರತಂದಿದ್ದರಿಂದಲೇ ಸೆನೆಟರನನ್ನು ನಂಬಿ ನಿಂತಿದ್ದ ಮ್ಯಾಡ್ವಿಗ್‌ನ ಬಣ ಚುನಾವಣೆಯಲ್ಲಿ ಸೋಲುವುದು ಖಚಿತವಾಗುತ್ತದೆ. ಕೊನೆಯ ಭೇಟಿಯಲ್ಲಿ ಮ್ಯಾಡ್ವಿಗ್ ಈ ಸಲದ್ದು ಹೋಯಿತೆಂದು ಒಪ್ಪಿಕೊಂಡು, ಮುಂದಿನ ನಾಲ್ಕು ವರ್ಷಗಳಲ್ಲಿ ಮನೆ ಗುಡಿಸಿ ಮತ್ತೆ ಬಣ ಕಟ್ಟುವ ಮಾತಾಡುತ್ತಾನೆ. ಬೋಮಾಂಟ್ ಊರು ಬಿಟ್ಟು ನ್ಯೂಯಾರ್ಕಿಗೆ ಹೊರಟಿದ್ದಾನೆ.